ಹುಳದ ಖಾತೆ

ಕಾಮರ್ಸ್ ಓದುವ ಹುಡುಗ ಬ್ರೆಜಿಲ್ ದೇಶದ ಹುಳಗಳ ಮೇಲೆ ಯಾಕೆ ಬರೀಬೇಕು ಅಂತ ನೀವು ಕೇಳಬಹುದು. ಕೇಳುವಂಥದ್ದೇ. ನಮ್ಮ ಸಂಘದ ಸಂಚಿಕೆಗೆ ಕಾಮರ್ಸಿನವರು ಕೊಡುವುದು ಸಾಮಾನ್ಯವಾಗಿ ಎರಡೇ ಬಗೆ: ಒಂದು ಪ್ರೇಮದ ಕವನ, ಇಲ್ಲವೇ ಲೋಕಲ್ ಗಾಡಿಯ ನೂಕುನುಗ್ಗಲಿನ ಮೇಲೊಂದು ಹರಟೆ. ಮೊದಲನೆಯದಕ್ಕೆ ನನ್ನ ಅನುಭವ ಸಾಲದು. ಎರಡನೆಯದು ನಿಮಗೆಲ್ಲ ನನಗಿಂತ ಚೆನ್ನಾಗಿ ಗೊತ್ತು. ನಿಮಗೆ ಗೊತ್ತಿರಲಿಕ್ಕಿಲ್ಲದ, ನನಗೆ ಗೊತ್ತಿರುವ ಸಂಗತಿ ಒಂದೇ. ಎರಡು ವರ್ಷದಿಂದ ನನ್ನ ಕಾಲೇಜಿನ ಫೀಸು ಹುಟ್ಟುತ್ತಿರುವುದು ಬ್ರೆಜಿಲ್ ಕಡೆಯಿಂದ ಬಂದ ಒಂದು ಗಿಡದಿಂದ. ಆ ಗಿಡವನ್ನು ತಿನ್ನುವ ಹುಳವೂ ಅದೇ ಖಂಡದ್ದು. ಹುಳ ಗೆದ್ದರೆ ನನ್ನ ಫೀಸು ಸೋಲುತ್ತದೆ. ಹೀಗಿರುವಾಗ ಹುಳದ ವಿಷಯವನ್ನು ನಾನು ಓದದೆ ಇನ್ನು ಯಾರು ಓದಬೇಕು?

ಬಿಡಿಸಿ ಹೇಳುತ್ತೇನೆ. ಹತ್ತನೆಯ ತರಗತಿಯವರೆಗೆ ಕುಂದಾಪುರದ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಮುಂಬಯಿಗೆ ಸೋದರಮಾವನ ಮನೆಗೆ ಬಂದವನು ನಾನು. ಮಾವ ಮೊದಲು ಹೋಟೆಲಿನಲ್ಲಿದ್ದರು. ಈಗ ಕೆರೆಯ ಕಳೆ ತೆಗೆಸುವ ಒಬ್ಬ ಕಂತ್ರಾಟುದಾರನ ಕೈಕೆಳಗೆ ಮುಕಾದಮರು. ಉಪನಗರದ ಒಂದು ಕೆರೆ. ದೂರದಿಂದ ನೋಡಿದರೆ ಕೆರೆ ಅನ್ನಿಸುವುದೇ ಇಲ್ಲ, ಹಸುರು ಗದ್ದೆ ಅನ್ನಿಸುತ್ತದೆ, ನಡುನಡುವೆ ತಿಳಿನೇರಳೆ ಹೂವು ಬೇರೆ. ಮರಾಠಿಯಲ್ಲಿ ಇದಕ್ಕೆ ಜಲಪರ್ಣಿ, ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್. ನಮ್ಮೂರಲ್ಲಿ ನೀರಿನ ಮೇಲೆ ತೇಲುವುದಕ್ಕೆಲ್ಲ ಒಂದೇ ಹೆಸರು, ಅಂತರಗಂಗೆ. ಭಾನುವಾರ ಭಾನುವಾರ ನಾನು ದಡದಲ್ಲಿ ಕೂತು ಲೆಕ್ಕ ಬರೆಯುತ್ತೇನೆ: ಎಷ್ಟು ಆಳು, ಎಷ್ಟು ಖೇಪು, ಎಷ್ಟು ಡೀಸೆಲ್, ಎಷ್ಟು ಟನ್ನು. ಬಿಲ್ಲು ಆಗುವುದು ಟನ್ನಿನ ಮೇಲೆ. ಅದಕ್ಕೆ ನನಗೆ ಸಿಗುವ ಸಂಬಳವೇ ನನ್ನ ಫೀಸು.

ಈ ಗಿಡದಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಪಾಲು ಇರುವುದು ನೀರೇ. ಅಂದರೆ ನಾವು ಕೆರೆಯಿಂದ ನೀರನ್ನೇ ಎತ್ತಿ, ಲಾರಿಗೆ ತುಂಬಿ, ತೂಕ ಮಾಡಿಸಿ ದುಡ್ಡು ಎಣಿಸುತ್ತೇವೆ ಎಂದರೆ ಅತಿಶಯೋಕ್ತಿಯಾಗಲಾರದು. ಇನ್ನೂ ಸೋಜಿಗದ ಮಾತೆಂದರೆ, ಕೆಲಸ ಮುಗಿಯುವುದಿಲ್ಲ. ಒಳ್ಳೆಯ ಬಿಸಿಲು, ಕೊಳಚೆಯ ಗೊಬ್ಬರ ಎರಡೂ ಸಿಕ್ಕರೆ ಈ ಗಿಡ ಒಂದೆರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಹನ್ನೆರಡು ದಿನಕ್ಕೆ ಒಂದು ಸಲ ಎಂದೇ ಹಿಡಿಯಿರಿ. ನೂರು ಟನ್ನಿನಲ್ಲಿ ತೊಂಬತ್ತು ತೆಗೆದು ಹತ್ತು ಬಿಟ್ಟರೆ ಹನ್ನೆರಡನೆಯ ದಿನ ಇಪ್ಪತ್ತು, ಇಪ್ಪತ್ತನಾಲ್ಕನೆಯ ದಿನ ನಲವತ್ತು, ಮೂವತ್ತಾರಕ್ಕೆ ಎಂಬತ್ತು. ಐವತ್ತು ದಿನ ತುಂಬುವುದರೊಳಗೆ ಮತ್ತೆ ನೂರು ದಾಟುತ್ತದೆ. ನಮ್ಮ ಊರಿನ ಗಣಿತದ ಮೇಷ್ಟ್ರು ಚಕ್ರಬಡ್ಡಿ ಕಲಿಸುವಾಗ ಸಾಹುಕಾರನ ಉದಾಹರಣೆ ಕೊಡುತ್ತಿದ್ದರು. ಅವರು ಈ ಕೆರೆಯನ್ನು ನೋಡಬೇಕಿತ್ತು.

ಒಂದು ಭಾನುವಾರ ಲಾರಿ ಬಾರದೆ ಕೆಲಸ ನಿಂತಿತ್ತು. ಆಗ ನನಗೆ ಹೊಳೆದ ಪ್ರಶ್ನೆ ಬಹಳ ಸಾದಾ. ಈ ಗಿಡ ಹುಟ್ಟಿದ ನಾಡಿನಲ್ಲೂ ಹೀಗೆಯೇ ಬೆಳೆಯುವುದಾದರೆ ಅಲ್ಲಿನ ಹೊಳೆಗಳಲ್ಲಿ ನೀರು ಕಾಣಬೇಕೋ ಬೇಡವೋ? ಇದರ ತವರು ಅಮೆಜಾನ್ ನದಿಯ ಸೀಮೆ. ಬ್ರೆಜಿಲ್ ಸುತ್ತಿ ಬಂದ ಜರ್ಮನ್ ಸಸ್ಯಶಾಸ್ತ್ರಿ ಮಾರ್ಷಿಯಸ್ 1823ರಲ್ಲಿ ಇದನ್ನು ಪುಸ್ತಕದಲ್ಲಿ ಬಣ್ಣಿಸಿ ಹೆಸರಿಟ್ಟ. ಹೂವಿನ ಚೆಲುವಿಗೆ ಮರುಳಾಗಿ ಜನ ದೇಶದೇಶಕ್ಕೆ ಒಯ್ದರು. ಬಂಗಾಳದ ಹೊಳೆಗಳಲ್ಲಿ ಇದರ ಹಾವಳಿ ಎಷ್ಟಾಯಿತೆಂದರೆ 1936ರಲ್ಲಿ ಇದರ ವಿರುದ್ಧವೇ ಒಂದು ಕಾಯಿದೆ ಮಾಡಬೇಕಾಯಿತು. ತವರಿನಲ್ಲಿ ಮಾತ್ರ ಇದು ಹತ್ತರಲ್ಲಿ ಹನ್ನೊಂದನೆಯ ಗಿಡ. ಕಾರಣ ಏನೆಂದರೆ ಅಲ್ಲಿ ಇದಕ್ಕೆ ಸಾಲಗಾರರಿದ್ದಾರೆ, ಬಂದು ಬಂದು ವಸೂಲಿ ಮಾಡುವವರು. ಗಿಡ ಹಡಗು ಹತ್ತಿತು. ಸಾಲಗಾರರು ಅಲ್ಲೇ ಉಳಿದರು.

ಇಷ್ಟು ತಿಳಿದ ಮೇಲೆ ನಾನು ಕಾಲೇಜಿನ ಲೈಬ್ರರಿಯಲ್ಲಿ ಅಕೌಂಟೆನ್ಸಿ ಕಪಾಟು ಬಿಟ್ಟು ಜೀವಶಾಸ್ತ್ರದ ಕಪಾಟಿನ ಮುಂದೆ ನಿಲ್ಲತೊಡಗಿದೆ. ಇಂಗ್ಲಿಷ್ ತೊಡಕು ಇದ್ದೇ ಇತ್ತು. ಒಂದೊಂದು ಪುಟಕ್ಕೆ ನಾಲ್ಕು ನಾಲ್ಕು ಸಲ ನಿಘಂಟು. ಆದರೆ ಅಲ್ಲಿ ನನಗೆ ಮೊದಲು ಸಿಕ್ಕವನು ನಮ್ಮ ಪಂಗಡದವನೇ, ಗುಮಾಸ್ತ!

ಹೆನ್ರಿ ವಾಲ್ಟರ್ ಬೇಟ್ಸ್ ಎಂದು ಅವನ ಹೆಸರು. ಇಂಗ್ಲೆಂಡಿನ ಲೆಸ್ಟರ್ ಊರಿನವನು. ಹದಿಮೂರನೆಯ ವಯಸ್ಸಿಗೆ ಕಾಲುಚೀಲದ ವ್ಯಾಪಾರಿಯ ಹತ್ತಿರ ಕೆಲಸ ಕಲಿಯಲು ನಿಂತವನು, ಆಮೇಲೆ ಬಿಯರ್ ಕಾರಖಾನೆಯಲ್ಲಿ ಗುಮಾಸ್ತ. ಹುಳ ಹಿಡಿಯುವ ಹುಚ್ಚು. ಅದೇ ಹುಚ್ಚಿನ ಗೆಳೆಯ ಆಲ್ಫ್ರೆಡ್ ವಾಲೇಸ್‌ನ ಜೊತೆ 1848ರ ಮೇ ತಿಂಗಳಲ್ಲಿ ಅಮೆಜಾನಿನ ಬಾಯಲ್ಲಿರುವ ಪಾರಾ ಬಂದರಿನಲ್ಲಿ ಇಳಿದ. ಇಬ್ಬರ ಹತ್ತಿರವೂ ದುಡ್ಡಿಲ್ಲ. ಹಿಡಿದ ಹುಳ, ಹಕ್ಕಿಗಳನ್ನು ಲಂಡನ್ನಿನ ಸ್ಯಾಮ್ಯುಯೆಲ್ ಸ್ಟೀವನ್ಸ್ ಎಂಬ ಏಜೆಂಟನಿಗೆ ಕಳಿಸುವುದು, ಅವನು ಮಾರಿ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಕಳಿಸುವುದು, ಇದೇ ಅವರ ವಿಜ್ಞಾನದ ಬಂಡವಾಳ. 1852ರಲ್ಲಿ ವಾಲೇಸ್ ಊರಿಗೆ ಮರಳುವಾಗ ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದು ಅವನ ಸಂಗ್ರಹ ಕಣ್ಣೆದುರಿಗೇ ಬೂದಿಯಾಯಿತು. ಹತ್ತು ದಿನ ದೋಣಿಯಲ್ಲಿ ತೇಲಿ ಬದುಕಿಕೊಂಡ. ದಡ ಸೇರಿದ ಮೇಲೆ ನೋಡಿದರೆ, ಆ ಏಜೆಂಟ್ ಪುಣ್ಯಾತ್ಮ ಮಾಲಿಗೆ ಮೊದಲೇ ವಿಮೆ ಮಾಡಿಸಿದ್ದ. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ವಿಮೆಯ ತತ್ವ ಒಬ್ಬ ದೊಡ್ಡ ವಿಜ್ಞಾನಿಯನ್ನು ಹಸಿವಿನಿಂದ ಕಾಪಾಡಿದ್ದನ್ನು ಓದಿ ನನಗೆ ಆ ವಿಷಯದ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಬೇಟ್ಸ್ ಹನ್ನೊಂದು ವರ್ಷ ಅಲ್ಲೇ ಉಳಿದ. 14 ಸಾವಿರಕ್ಕೂ ಮೇಲ್ಪಟ್ಟು ಬಗೆಯ ಜೀವಿಗಳನ್ನು, ಹೆಚ್ಚಿನಂಶ ಹುಳಗಳನ್ನೇ, ಕೂಡಿಹಾಕಿದ. ಅದರಲ್ಲಿ ಸುಮಾರು 8 ಸಾವಿರ ವಿಜ್ಞಾನಕ್ಕೆ ಹೊಸದು. ಅವನು ಕಂಡುಹಿಡಿದ ಒಂದು ಸಂಗತಿ ಪೇಟೆಯವರಿಗೆ ಬೇಗ ಅರ್ಥವಾಗುವಂಥದ್ದು. ಕೆಲವು ಚಿಟ್ಟೆಗಳು ಕಹಿ. ಹಕ್ಕಿ ಒಮ್ಮೆ ತಿಂದರೆ ಮತ್ತೆ ಆ ಬಣ್ಣದ ಗೊಡವೆಗೆ ಹೋಗುವುದಿಲ್ಲ. ಕಹಿಯಿಲ್ಲದ ಬೇರೆ ಚಿಟ್ಟೆಗಳು ಅದೇ ಬಣ್ಣ ತೊಟ್ಟು, ಅದೇ ಹಾಗೆ ಹಾರಿ ಬದುಕಿಕೊಳ್ಳುತ್ತವೆ. ಅಂದರೆ ಟ್ರೇಡ್‌ಮಾರ್ಕಿನ ನಕಲು! 1862ರಲ್ಲಿ ಇದನ್ನು ಪ್ರಕಟಿಸಿದ. ಜಾತಿಗಳು ಬದಲಾಗುತ್ತವೆ ಎಂದ ಡಾರ್ವಿನ್ನನಿಗೆ ಇದು ಕೈಗೆ ಸಿಕ್ಕ ಸಾಕ್ಷಿಯಾಯಿತು.

ಎರಡನೆಯವನು ಫ್ರಿಟ್ಸ್ ಮ್ಯುಲ್ಲರ್. ಜರ್ಮನಿಯವನು, 1852ರಲ್ಲಿ ದಕ್ಷಿಣ ಬ್ರೆಜಿಲಿನ ಸಾಂತಾ ಕತಾರಿನಾ ಪ್ರಾಂತ್ಯದ ಬ್ಲುಮೆನೌ ಎಂಬ ಹೊಸ ವಸಾಹತಿಗೆ ಹೆಂಡತಿ ಮಕ್ಕಳೊಡನೆ ಬಂದು ಕಾಡು ಕಡಿದು ಬೇಸಾಯಕ್ಕೆ ನಿಂತವನು. ಬರಿಗಾಲಿನಲ್ಲೇ ಓಡಾಡುತ್ತಿದ್ದನಂತೆ. ಡಾರ್ವಿನ್ನನಿಗೂ ಇವನಿಗೂ ವರ್ಷಗಟ್ಟಲೆ ಕಾಗದದ ವ್ಯವಹಾರ. ಒಬ್ಬರನ್ನೊಬ್ಬರು ಕಣ್ಣಿನಿಂದ ನೋಡಲೇ ಇಲ್ಲ. 1880ರಲ್ಲಿ ಬ್ಲುಮೆನೌ ಊರಿಗೆ ನೆರೆ ಬಂದ ಸುದ್ದಿ ಕೇಳಿ, ಪುಸ್ತಕ ಉಪಕರಣ ಹೋಗಿದ್ದರೆ ನಾನು ಹಣ ಕೊಡುತ್ತೇನೆಂದು ಡಾರ್ವಿನ್ ಮುಂದೆ ಬಂದಿದ್ದ. ಬೇಟ್ಸನ ಲೆಕ್ಕದಲ್ಲಿ ಉಳಿದಿದ್ದ ಒಂದು ಬಾಕಿಯನ್ನು ತೀರಿಸಿದವನು ಈ ಮ್ಯುಲ್ಲರ್. ಎರಡು ಚಿಟ್ಟೆಗಳೂ ಕಹಿಯೇ ಆಗಿದ್ದರೆ ಒಂದರಂತೆ ಒಂದು ಯಾಕಿರಬೇಕು? 1879ರಲ್ಲಿ ಅವನು ಕೂಡಿ ಕಳೆದು ತೋರಿಸಿದ: ಹಕ್ಕಿಮರಿಗೆ ಪಾಠ ಕಲಿಸಲು ಪ್ರತಿ ವರ್ಷ ಒಂದಷ್ಟು ಚಿಟ್ಟೆ ಸಾಯಲೇಬೇಕು. ಇಬ್ಬರ ಬಣ್ಣವೂ ಒಂದೇ ಆದರೆ ಆ ಖರ್ಚು ಇಬ್ಬರಿಗೂ ಹಂಚಿಹೋಗುತ್ತದೆ. ಪಾಲುದಾರಿಕೆಯ ಲೆಕ್ಕ ಅಂದರೆ ಇದೇ ತಾನೆ?

ಅವನ ಇನ್ನೊಂದು ಕೆಲಸ ಸೆಕ್ರೋಪಿಯಾ ಮರದ್ದು. ಅಲ್ಲಿಯವರು ಇಂಬೌಬಾ ಎನ್ನುತ್ತಾರೆ. ಕಾಂಡ ಬಿದಿರಿನ ಹಾಗೆ ಪೊಳ್ಳು. ಆ ಪೊಳ್ಳಿನೊಳಗೆ ಅಜ್ಟೆಕಾ ಎಂಬ ಇರುವೆಗಳ ಸಂಸಾರ. ಗಿಣ್ಣಿನ ಹತ್ತಿರ ಗೋಡೆ ತೆಳ್ಳಗಿರುವ ಒಂದು ಜಾಗವನ್ನು ಮರವೇ ಬಿಟ್ಟಿರುತ್ತದೆ; ರಾಣಿ ಇರುವೆ ಅಲ್ಲಿ ಕೊರೆದು ಒಳಗೆ ಹೋಗುತ್ತದೆ. ಎಲೆಯ ತೊಟ್ಟಿನ ಬುಡದಲ್ಲಿ ಸಣ್ಣ ಸಣ್ಣ ಬಿಳಿ ಕಾಳು ಹುಟ್ಟುತ್ತವೆ, ಅದು ಇರುವೆಗಳ ಊಟ. ಆ ಕಾಳುಗಳಿಗೆ ಇಂದಿಗೂ ಮ್ಯುಲ್ಲರನದೇ ಹೆಸರು. ಅವುಗಳಲ್ಲಿ ಗ್ಲೈಕೋಜನ್ ಇದೆಯೆಂದು ಆಮೇಲೆ ತಿಳಿಯಿತು. ಪ್ರಾಣಿಗಳ ಯಕೃತ್ತಿನಲ್ಲಿ ಇರುವ ಪದಾರ್ಥ, ಗಿಡಗಳಲ್ಲಿ ಕಾಣುವುದೇ ಅಪರೂಪ. ಮನೆ, ಊಟ ಎರಡನ್ನೂ ತಿಂದ ಇರುವೆ ಸುಮ್ಮನೆ ಕೂರುವುದಿಲ್ಲ. ಎಲೆ ತಿನ್ನಲು ಬಂದ ಹುಳವನ್ನು ಕಚ್ಚಿ ಓಡಿಸುತ್ತದೆ, ಮರವನ್ನು ಸುತ್ತಲು ಬಂದ ಬಳ್ಳಿಯ ಕುಡಿ ಕತ್ತರಿಸುತ್ತದೆ. ಊಟ-ವಸತಿ ಸಹಿತ ಪಹರೆಯ ನೌಕರಿ, ನಮ್ಮ ಊರಿನ ಹುಡುಗರಿಗೆ ಮುಂಬಯಿ ಹೋಟೆಲುಗಳಲ್ಲಿ ಸಿಗುತ್ತಿತ್ತಲ್ಲ, ಅಂಥದ್ದೇ.

ಇದೆಲ್ಲ ಹಳೆಯ ಕಾಲದ ಕತೆ ಆಯಿತು. ಬ್ರೆಜಿಲಿನವರೇ ಮಾಡಿದ ಈಚಿನ ಕೆಲಸ ನನಗೆ ಇನ್ನೂ ಹಿಡಿಸಿತು. ಬ್ರೆಜಿಲ್ ಅಂದರೆ ಬರೀ ಅಮೆಜಾನ್ ಕಾಡಲ್ಲ. ನಡುನಾಡಿನಲ್ಲಿ ಸುಮಾರು ಇಪ್ಪತ್ತು ಲಕ್ಷ ಚದರ ಕಿಲೋಮೀಟರ್ ಹರಡಿದ ಸೆರಾಡೊ ಎಂಬ ಬಯಲುಸೀಮೆ ಇದೆ. ಕೆಂಪು ಮಣ್ಣು, ಸೊಟ್ಟ ಮರಗಳು, ಬೆಂಕಿ ತಡೆಯುವ ದಪ್ಪ ತೊಗಟೆ, ಆಳಕ್ಕೆ ಇಳಿದ ಬೇರು. ಅಲ್ಲಿ ಪೆಕಿ ಎಂಬ ಮರ. ಹಳದಿ ತಿರುಳಿನ ಅದರ ಹಣ್ಣನ್ನು ಅನ್ನದ ಜೊತೆ ಬೇಯಿಸಿ ತಿನ್ನುತ್ತಾರೆ. ಈ ಮರ ಮೊಗ್ಗಿನ ಹೊರಗೆ, ಹೂವಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ, ಸಿಹಿ ಒಸರುತ್ತದೆ. ಇರುವೆಗಳು ಹಗಲೂ ರಾತ್ರಿ ಬರುತ್ತವೆ. ಸುಮ್ಮನೆ ಸಿಹಿ ಹಂಚಲು ಮರಕ್ಕೇನು ಹುಚ್ಚೆ? ಕಂಪಿನಾಸ್ ವಿಶ್ವವಿದ್ಯಾಲಯದ ಪೌಲೊ ಒಲಿವೇರಾ ಅವರು ಕೆಲವು ರೆಂಬೆಗಳ ಬುಡಕ್ಕೆ ಅಂಟು ಬಳಿದು ಇರುವೆಗಳನ್ನು ತಡೆದರು, ಕೆಲವನ್ನು ಹಾಗೆಯೇ ಬಿಟ್ಟರು. ಆಮೇಲೆ ಎಣಿಸಿದರು. ಇರುವೆ ಬಂದ ರೆಂಬೆಗೆ ಹುಳದ ಕಾಟ ಕಡಿಮೆ, ಕಾಯಿ ಕಟ್ಟಿದ್ದು ಹೆಚ್ಚು. 1997ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಅದಕ್ಕೂ ಮೊದಲು, 1996ರಲ್ಲಿ, ಅವರೂ ಆಂದ್ರೆ ಫ್ರೆಯ್ತಾಸ್ ಅವರೂ ಸೇರಿ ಪ್ರಕಟಿಸಿದ ಪ್ರಯೋಗವೊಂದಿದೆ. ಪೆಕಿ ಮರದ ಎಲೆಯ ಮೇಲೆ ಮೊಟ್ಟೆ ಇಡುವ ಒಂದು ಚಿಟ್ಟೆ ಇದೆ. ಇರುವೆ ಇರುವ ಕಡೆ ಅದು ಮೊಟ್ಟೆ ಇಡಲು ಹಿಂಜರಿಯುತ್ತದೆ. ಇವರು ಏನು ಮಾಡಿದರು ಗೊತ್ತೆ? ಕೆಲವು ರೆಂಬೆಗಳಿಗೆ ರಬ್ಬರಿನ ಇರುವೆ ಅಂಟಿಸಿದರು, ಕೆಲವಕ್ಕೆ ರಬ್ಬರಿನ ದುಂಡನೆಯ ತುಂಡು. ಇರುವೆಯ ಆಕಾರ ಇದ್ದ ಕಡೆಯೇ ಮೊಟ್ಟೆ ಕಡಿಮೆ! ಚಿಟ್ಟೆ ಕಣ್ಣಿನಿಂದ ನೋಡಿ ತೀರ್ಮಾನ ಮಾಡುತ್ತದೆ. ಅದರ ಮರಿಹುಳದ ಉಪಾಯ ಇನ್ನೊಂದು ತೆರ: ತನ್ನ ಹಿಕ್ಕೆಯನ್ನೇ ಪೋಣಿಸಿ ಎಲೆಯ ಅಂಚಿನಲ್ಲಿ ಕಡ್ಡಿಯ ಹಾಗೆ ಹೊರಚಾಚಿ, ಅದರ ತುದಿಯಲ್ಲಿ ಹೋಗಿ ಕೂರುತ್ತದೆ. ಇರುವೆ ಅಲ್ಲಿಗೆ ಹೋಗುವುದಿಲ್ಲ. ಅಂಟು, ರಬ್ಬರು, ಎಣಿಸುವ ತಾಳ್ಮೆ, ಇಷ್ಟರಲ್ಲೇ ಇದೆಲ್ಲ ಹೊರಬಂದದ್ದು. ಎಣಿಸುವ ತಾಳ್ಮೆ ನಮಗೂ ಇದೆಯಲ್ಲ ಎಂದು ಆ ರಾತ್ರಿ ನನಗೆ ಅನ್ನಿಸಿತು.

ಈಗ ಕಳೆಯ ಮಾತಿಗೆ ಬರೋಣ. ನಮ್ಮ ಕೆರೆಯ ಗಿಡದ ಹಾಗೆಯೇ ಹೆಸರು ಕೆಡಿಸಿಕೊಂಡ ಇನ್ನೊಂದು ತೇಲುಗಿಡ ಸಾಲ್ವಿನಿಯಾ. ಕೇರಳದವರು ಇದಕ್ಕೆ ಆಫ್ರಿಕನ್ ಪಾಯಲ್ ಎಂದು ಕರೆದರು. ಆಫ್ರಿಕಕ್ಕೂ ಇದಕ್ಕೂ ಹುಟ್ಟಿನ ಸಂಬಂಧವಿಲ್ಲ. ಹೂವಿಲ್ಲ, ಬೀಜವಿಲ್ಲ, ತುಂಡಾದರೆ ತುಂಡೆಲ್ಲ ಗಿಡ. ಆಫ್ರಿಕದ ಕರಿಬಾ ಅಣೆಕಟ್ಟಿನ ಸರೋವರವನ್ನು, ಪಪುವಾ ನ್ಯೂಗಿನಿಯ ಸೆಪಿಕ್ ಹೊಳೆಯನ್ನು, ಕೇರಳದ ಕುಟ್ಟನಾಡಿನ ಕಾಲುವೆಗಳನ್ನು ಇದು ಮುಚ್ಚಿತು. ಸೆಪಿಕ್ ದಂಡೆಯಲ್ಲಿ ದೋಣಿ ಸಾಗದೆ ಕೆಲವು ಊರಿನವರು ಮನೆ ಬಿಟ್ಟು ಹೋದರು. ಇದಕ್ಕೆ ಹುಳ ಹುಡುಕಿದವರು ಆಗಲೇ ಇದ್ದರು. ಆದರೆ ಗಿಡದ ಹೆಸರೇ ತಪ್ಪಾಗಿ ದಾಖಲಾಗಿತ್ತು. ಸಾಲ್ವಿನಿಯಾ ಆರಿಕ್ಯುಲಾಟಾ ಎಂಬ ಅದರ ಹತ್ತಿರದ ನೆಂಟನ ಹೆಸರಿನಲ್ಲಿ ಇದನ್ನು ಬರೆದಿದ್ದರು. ಆ ನೆಂಟ ಬೆಳೆಯುವ ಟ್ರಿನಿಡಾಡ್ ಕಡೆಯ ಹುಳವನ್ನು ತಂದು ಆಫ್ರಿಕದಲ್ಲಿ, ಫಿಜಿಯಲ್ಲಿ ಬಿಟ್ಟರು. ಫಲ ಸಿಗಲಿಲ್ಲ. 1972ರಲ್ಲಿ ಡೇವಿಡ್ ಮಿಚೆಲ್ ಎಂಬಾತ ಇದು ಬೇರೆಯೇ ಜಾತಿ ಎಂದು ತೋರಿಸಿ ಸಾಲ್ವಿನಿಯಾ ಮೊಲೆಸ್ಟಾ ಎಂದು ಹೆಸರಿಟ್ಟ ಮೇಲೆ, ಇದರ ನಿಜವಾದ ತವರು ಯಾವುದು ಎಂಬ ಹುಡುಕಾಟ ಶುರುವಾಯಿತು. 1978ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಅದನ್ನು ಕಂಡುಕೊಂಡರು. ಎಲ್ಲಿ ಅಂತೀರಿ? ಆಗ್ನೇಯ ಬ್ರೆಜಿಲಿನಲ್ಲಿ. ಕೆಲಸಕ್ಕೆ ಬಂದ ಹುಳ ಸಿಕ್ಕಿದ್ದು ಸಾಂತಾ ಕತಾರಿನಾದ ಜೋಯಿನ್‌ವಿಲ್ ಪಟ್ಟಣದ ಬಳಿ. ನಮ್ಮ ಬರಿಗಾಲಿನ ಮ್ಯುಲ್ಲರ್ ಓಡಾಡಿದ ಅದೇ ಪ್ರಾಂತ್ಯ.

ಎರಡು ಮಿಲಿಮೀಟರ್ ಉದ್ದದ ಮೂತಿಹುಳ ಅದು. ದೊಡ್ಡದು ಮೊಗ್ಗು ತಿನ್ನುತ್ತದೆ, ಮರಿ ಕಾಂಡ ಕೊರೆಯುತ್ತದೆ. ಬೇರೆ ಗಿಡಗಳ ಮೇಲೆ ಬಿಟ್ಟು ನೋಡಿ, ಸಾಲ್ವಿನಿಯಾ ಒಂದೇ ಅದರ ಅನ್ನ ಎಂದು ಖಾತ್ರಿ ಮಾಡಿಕೊಂಡು, 1980ರಲ್ಲಿ ಆಸ್ಟ್ರೇಲಿಯದ ಮೂಂಡಾರಾ ಸರೋವರದಲ್ಲಿ ಬಿಟ್ಟರು. ಮರುವರ್ಷ ಮುಗಿಯುವುದರೊಳಗೆ ನೀರು ಕಂಡಿತು. ಹುಳವೂ ಟ್ರಿನಿಡಾಡಿನದಕ್ಕಿಂತ ಬೇರೆ ಜಾತಿಯೆಂದು ಗೊತ್ತಾಗಿ 1985ರಲ್ಲಿ ಅದಕ್ಕೂ ಹೊಸ ಹೆಸರು ಬಂತು. ನೋಡಿ, ಗಿಡದ ಹೆಸರು ಒಂದು, ಹುಳದ ಹೆಸರು ಒಂದು, ಎರಡೂ ಬೇರೆ ಖಾತೆಗೆ ಬರೆದು ಹೋಗಿದ್ದವು. ಪಪುವಾ ನ್ಯೂಗಿನಿಯಲ್ಲಿ ಇನ್ನೊಂದು ತಮಾಷೆ. ಅಲ್ಲಿ ಹುಳ ಮೊದಲು ಊರಲಿಲ್ಲ. ಗಿಡದಲ್ಲಿ ಸಾರಜನಕ ಕಡಿಮೆ, ಹುಳಕ್ಕೆ ಪುಷ್ಟಿ ಸಾಲದು. ಆಗ ಕಳೆಗೇ ಯೂರಿಯಾ ಗೊಬ್ಬರ ಹಾಕಿದರು! ಗಿಡ ಕೊಬ್ಬಿತು, ಹುಳ ಹೆಚ್ಚಿತು, ಆಮೇಲೆ ಗಿಡ ಮುಗಿಯಿತು.

ಈ ಹುಳ ನಮ್ಮ ನಾಡಿಗೂ ಬಂದಿದೆ. 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟರು. ಹನ್ನೊಂದೇ ತಿಂಗಳಲ್ಲಿ ಸಾಲ್ವಿನಿಯಾ ಕುಸಿದು, ಅದರಡಿಯಲ್ಲಿ ಉಸಿರು ಕಟ್ಟಿದ್ದ ನೈದಿಲೆ ಮತ್ತೆ ಚಿಗುರಿತು. ಆಮೇಲೆ ಕೇರಳ. ಅಲ್ಲಿ ಒಂದು ಹೆಕ್ಟೇರ್ ಭತ್ತದ ಗದ್ದೆಯ ಕಳೆ ಕೈಯಿಂದ ತೆಗೆಸಲು 235 ರೂಪಾಯಿ ಬೀಳುತ್ತಿತ್ತು. 1988ರ ಹೊತ್ತಿಗೆ ಕೂಲಿ ಒಂದರಲ್ಲೇ ವರ್ಷಕ್ಕೆ ಸುಮಾರು 68 ಲಕ್ಷ ರೂಪಾಯಿ ಉಳಿತಾಯ ಎಂದು ಲೆಕ್ಕ ಹಾಕಿದರು. ಶ್ರೀಲಂಕೆಯಲ್ಲಿ ಇದೇ ಹುಳಕ್ಕೆ ಹಾಕಿದ ಒಂದು ರೂಪಾಯಿಗೆ 53 ರೂಪಾಯಿ ಲಾಭ ಬಂತೆಂದು 1989ರಲ್ಲಿ ಡೋಲ್ಮನ್ ಎಂಬ ಅರ್ಥಶಾಸ್ತ್ರಜ್ಞ ತೋರಿಸಿದ. ಬಂಡವಾಳ ವೆಚ್ಚ, ಆವರ್ತಕ ವೆಚ್ಚ ಎಂದು ನಮಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಾರೆ. ಲಾರಿ, ಆಳು, ಡೀಸೆಲ್ ಪ್ರತಿ ವರ್ಷದ ಖರ್ಚು. ಹುಳ ಒಮ್ಮೆ ಹಾಕುವ ಬಂಡವಾಳ.

ಇಲ್ಲಿಯವರೆಗೆ ಓದಿ ಖುಷಿಯಿಂದ ಪುಸ್ತಕ ಮುಚ್ಚಬಹುದಿತ್ತು. ಆದರೆ ‘ಕೂಲಿಯಲ್ಲಿ ಉಳಿತಾಯ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಹದಿನಾಲ್ಕು ಹೆಸರಿದೆ. ಒಂಬತ್ತು ಮಂದಿ ಯಾದಗಿರಿ, ಕಲಬುರಗಿ ಕಡೆಯವರು, ಮಳೆ ಕೈಕೊಟ್ಟು ಊರು ಬಿಟ್ಟು ಬಂದವರು. ಸೊಂಟದ ತನಕ ಆ ನೀರಿನಲ್ಲಿ ನಿಂತು ಕೈ ತುರಿಸಿಕೊಳ್ಳುತ್ತ ಕಳೆ ಎಳೆಯುತ್ತಾರೆ. ಅವರಲ್ಲಿ ಒಬ್ಬ ಅಕ್ಕನಿಗೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಈ ಹುಳದ ಕತೆ ಹೇಳಿದೆ. ಕೇಳಿ ನಕ್ಕಳು. “ಹುಳಕ್ಕ ಪಗಾರ ಇಲ್ಲೇನ್ರೀ? ಹಂಗಾರ ಅದನ್ನs ಇಟ್ಕೋತಾರ ತಗೋರಿ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರ ಈ ನೀರಾಗ ಇಳಿಯೂದು ತಪ್ಪಿದ್ರ ಛಲೋನ ಆಕ್ಕೈತಿ,” ಅಂತಲೂ ಅಂದಳು. ಈ ಎರಡು ಮಾತನ್ನು ಒಂದೇ ತಾಳೆಪಟ್ಟಿಯಲ್ಲಿ ಹೇಗೆ ಕೂರಿಸುವುದು ಎಂದು ನನಗೆ ಯಾವ ಪಠ್ಯಪುಸ್ತಕವೂ ಹೇಳಲಿಲ್ಲ. ಲಾಭ 53 ಎಂದು ಬರೆಯುವಾಗ ಅದು ಯಾರ ಜೇಬಿಗೆ ಎಂಬ ಕಾಲಮ್ಮೂ ಬೇಕಲ್ಲವೆ?

ಹುಳವನ್ನು ಎಲ್ಲಿಂದಲೋ ತಂದು ಬಿಡುವುದು ಮಕ್ಕಳಾಟವಲ್ಲ ಎಂಬುದನ್ನೂ ಬ್ರೆಜಿಲೇ ಕಲಿಸುತ್ತದೆ. 1956ರಲ್ಲಿ ವಾರ್ವಿಕ್ ಕೆರ್ ಎಂಬ ವಿಜ್ಞಾನಿ ಹೆಚ್ಚು ಜೇನು ಸಿಗಲೆಂದು ಆಫ್ರಿಕದ ಜೇನುನೊಣ ತಂದರು. ಮರುವರ್ಷ 26 ರಾಣಿಗಳು ತಮ್ಮ ಹಿಂಡಿನೊಡನೆ ತಪ್ಪಿಸಿಕೊಂಡವು. ಆ ಸಿಡುಕು ನೊಣಗಳ ಸಂತತಿ ದಕ್ಷಿಣ ಅಮೆರಿಕವನ್ನೆಲ್ಲ ಹಾಯ್ದು 1990ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವನ್ನೇ ಮುಟ್ಟಿತು. ಮೂತಿಹುಳಕ್ಕೂ ಆ ನೊಣಕ್ಕೂ ಇರುವ ವ್ಯತ್ಯಾಸ ಪರೀಕ್ಷೆಯದು: ಒಂದೇ ಗಿಡ ತಿಂದು, ಗಿಡವಿಲ್ಲದಿದ್ದರೆ ತಾನೂ ಸಾಯುವ ಹುಳವನ್ನೇ ಆರಿಸಿದರು. ಇಂಥ ಹುಳ ಇನ್ನೆಷ್ಟಿವೆಯೋ! ಆದರೆ ಸೆರಾಡೊದ ಹೆಚ್ಚುಕಡಿಮೆ ಅರ್ಧದಷ್ಟು ಈಗಾಗಲೇ ಸೋಯಾ ಹೊಲ, ಹುಲ್ಲುಗಾವಲು ಆಗಿಹೋಗಿದೆ. ಬ್ಲುಮೆನೌ, ಜೋಯಿನ್‌ವಿಲ್ ಇರುವ ಕರಾವಳಿ ಕಾಡಿನಲ್ಲಿ ಬಹುಪಾಲು ಎಂದೋ ಕಡಿದು ಹೋಗಿದೆ. ಜಗತ್ತಿನ ಯಾವ ಕೆರೆಗೆ ನಾಳೆ ಯಾವ ಹುಳ ಬೇಕಾಗುವುದೋ, ಆ ಹುಳವನ್ನು ಎಣಿಸುವ ಮೊದಲೇ ಅಂಗಡಿ ಸುಡುತ್ತಿದ್ದೇವೆ. ಅದಕ್ಕೆ ವಿಮೆ ಮಾಡಿಸಿದವರು ಯಾರೂ ಇಲ್ಲ.

ಇನ್ನು ನಮ್ಮ ಕೆರೆಯ ಸಮಾಚಾರ. ವಾಟರ್ ಹಯಸಿಂತಿಗೂ ದಕ್ಷಿಣ ಅಮೆರಿಕದ ಎರಡು ಮೂತಿಹುಳಗಳಿವೆ, ನಿಯೋಚೆಟಿನಾ ಎಂದು ಅವುಗಳ ಕುಲನಾಮ. 1980ರ ದಶಕದಲ್ಲಿ ಅವನ್ನೂ ಬೆಂಗಳೂರಿಗೆ ತರಿಸಿ ಕೆರೆಗಳಲ್ಲಿ ಬಿಟ್ಟಿದ್ದರು. ಹಗಲು ಗಿಡದ ಬುಡದಲ್ಲಿ ಅಡಗಿ, ರಾತ್ರಿ ಎಲೆಯನ್ನು ಸಣ್ಣ ಸಣ್ಣ ಚೌಕವಾಗಿ ಕೆರೆದು ತಿನ್ನುತ್ತವೆ ಎಂದು ಓದಿದ್ದೆ. ಕಳೆದ ತಿಂಗಳು ಲಾರಿಗೆ ತುಂಬುವ ರಾಶಿಯಿಂದ ಒಂದು ಎಲೆ ಎತ್ತಿ ಬಿಸಿಲಿಗೆ ಹಿಡಿದರೆ ಅದರ ತುಂಬ ಅದೇ ಚೌಕ ಕಲೆಗಳು! ನಾಲ್ಕು ಗಿಡ ಚೀಲಕ್ಕೆ ಹಾಕಿಕೊಂಡು ಸೋಮವಾರ ನಮ್ಮ ಝೂಆಲಜಿ ಮೇಡಂ ಹತ್ತಿರ ಹೋದೆ. ಅವರು ತೊಟ್ಟುಗಳನ್ನು ಬಿಡಿಸಿ ಬುಡದಿಂದ ಐದು ಮಿಲಿಮೀಟರಿನ ಒಂದು ಬೂದುಗಂದು ಹುಳ ತೆಗೆದು ಲೆನ್ಸಿನ ಕೆಳಗೆ ಇಟ್ಟರು. ಅದೇ! ಯಾರೂ ಕರೆಯದೆ, ಯಾರ ಬಿಲ್ಲಿನಲ್ಲೂ ಇಲ್ಲದೆ, ಅದು ನಮ್ಮ ಕೆರೆಯಲ್ಲಿ ಆಗಲೇ ಕೆಲಸಕ್ಕೆ ನಿಂತಿದೆ. ಮೇಡಂ ಒಂದು ಎಚ್ಚರಿಕೆಯನ್ನೂ ಹೇಳಿದರು: ಇದು ಸಾಲ್ವಿನಿಯಾದ ಹುಳದಷ್ಟು ಚುರುಕಲ್ಲ, ಊರಿನ ಕೊಳಚೆ ಕೆರೆಗೆ ಬೀಳುತ್ತಿರುವ ತನಕ ಗಿಡದ ಬೆಳವಣಿಗೆ ಹುಳದ ಬಾಯಿಗಿಂತ ಮುಂದೆಯೇ ಓಡುತ್ತದೆ. ಅದೂ ಅಲ್ಲದೆ ನಾವು ಪ್ರತಿ ವಾರ ಕಳೆಯ ಜೊತೆ ಆ ಹುಳವನ್ನೂ ಟನ್ನುಗಟ್ಟಲೆ ಎತ್ತಿ ಕಸದ ಗುಡ್ಡೆಗೆ ಸುರಿಯುತ್ತಿದ್ದೇವೆ.

ಇದನ್ನು ಮಾವನಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಊಟದ ಹೊತ್ತಿನಲ್ಲಿ ಹೇಳಿದೆ. ಬಡಗಣ ಮೂಲೆಯ ಕಳೆಯನ್ನು ಈ ವರ್ಷ ಮುಟ್ಟದೆ ಬಿಟ್ಟರೆ ಹುಳ ಅಲ್ಲಿ ಉಳಿಯುತ್ತದೆ, ಸುತ್ತಲಿಗೆ ಹರಡುತ್ತದೆ ಎಂದೆ. ಬಿಟ್ಟರೆ ಎಷ್ಟು ಟನ್ನು ನಷ್ಟ ಎಂಬುದನ್ನೂ ಕಾಗದದ ಮೇಲೆ ಬರೆದು ಮುಂದಿಟ್ಟೆ. ಮಾವ ಕಾಗದ ನೋಡಿದರು, ನನ್ನ ಮುಖ ನೋಡಿದರು. “ಎಂತ ಮಾರಾಯ, ನಿನ್ನ ಫೀಸೂ ಇದ್ರಾಗೆ ಇತ್ತಲ್ಲ?” ಅಂದರು. “ಇತ್ತು,” ಅಂದೆ. ಅತ್ತೆ ಇನ್ನೊಮ್ಮೆ ಅನ್ನ ಬಡಿಸುವ ತನಕ ಅವರು ಮಾತಾಡಲಿಲ್ಲ. ಆಮೇಲೆ, “ಆ ಮೂಲೆ ಕಡೀಗೆ ಮಾಡುವ,” ಅಂದರು. ಬಿಡುತ್ತೇನೆ ಅನ್ನಲಿಲ್ಲ, ಕಡೆಗೆ ಮಾಡುವ ಅಂದರು. ಇಷ್ಟೇ ಈಗ ಕೈಯಲ್ಲಿರುವುದು.

ಅಂದಿನಿಂದ ನಾನು ಎರಡು ಖಾತೆ ಬರೆಯುತ್ತೇನೆ. ಒಂದು ಟನ್ನಿನದು. ಇನ್ನೊಂದು ಹುಳದ್ದು: ಬಡಗಣ ಮೂಲೆಯಿಂದ ಪ್ರತಿ ಭಾನುವಾರ ಇಪ್ಪತ್ತು ಎಲೆ, ಎಷ್ಟಕ್ಕೆ ಕಲೆ ಬಿದ್ದಿದೆ, ಎಲೆಗೆ ಎಷ್ಟು ಕಲೆ. ಮೊದಲ ವಾರ ಇಪ್ಪತ್ತರಲ್ಲಿ ಒಂಬತ್ತು, ಎರಡನೆಯ ವಾರ ಹನ್ನೊಂದು, ಮೂರನೆಯ ವಾರ ಮತ್ತೆ ಒಂಬತ್ತು, ನಾಲ್ಕನೆಯ ವಾರ ಹದಿಮೂರು. ನಾಲ್ಕು ವಾರದ ಅಂಕಿಯಿಂದ ಏನನ್ನೂ ಸಾಧಿಸಲಾಗದು ಎಂದು ಮೇಡಂ ಹೇಳಿದ್ದಾರೆ, ವರ್ಷವಾದರೂ ಬೇಕಂತೆ. ಏಪ್ರಿಲಿನಲ್ಲಿ ಪರೀಕ್ಷೆ ಬರುತ್ತದೆ, ಆಗ ಒಬ್ಬನಿಂದಲೇ ಆಗುವುದಿಲ್ಲ. ವಿಜ್ಞಾನ ವಿಭಾಗದ ಗೆಳೆಯರು, ಕಲಾ ವಿಭಾಗದವರಾದರೂ ಅಡ್ಡಿಯಿಲ್ಲ, ಇಪ್ಪತ್ತರ ತನಕ ಎಣಿಸಲು ಬರುವ ಯಾರಾದರೂ ಸರಿ, ಭಾನುವಾರ ಬೆಳಗ್ಗೆ ಏಳಕ್ಕೆ ಕಾಲೇಜು ಗೇಟಿನ ಹತ್ತಿರ ಬನ್ನಿ. ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ. ಚಹಾದ ಖರ್ಚು ಮಾವನದು.